ಒಂಬತ್ತು ತಿರುವು, ಒಂದು ನಿದ್ದೆ

ಮೇಲೆ ಮಠ, ಕೆಳಗೆ ಹೊಳೆ, ನಡುವೆ ಒಂಬತ್ತು ತಿರುವು. ಈ ಕಥೆಗೆ ಇಷ್ಟು ಜಾಗ ಸಾಕು.

ಮಠದ ಅಯ್ಯನವರಿಗೆ ಎಪ್ಪತ್ತೆಂಟು ವರ್ಷ. ಪ್ರತಿ ಸೋಮವಾರ ಬೆಳಿಗ್ಗೆ ಹೊಳೆಯಲ್ಲಿ ಮಿಂದು ಕಾರಿನ ಹಿಂದಿನ ಸೀಟಿನಲ್ಲಿ ಕೂತರೆ, ಬಾಗಿಲು ಹಾಕುವುದರೊಳಗೆ ನಿದ್ದೆ. ಪೂರ್ವಾಶ್ರಮದಲ್ಲಿ ಲಾರಿ ಓಡಿಸುತ್ತಿದ್ದರು ಅಂತ ಕೆಲವರು ಹೇಳುತ್ತಿದ್ದರು. ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಆದರೆ ಓಡುವ ಗಾಡಿಯಲ್ಲಿ ಅಷ್ಟು ಸೊಗಸಾದ ನಿದ್ದೆ ಲಾರಿಯಲ್ಲಿ ಬದುಕಿದವರಿಗೆ ಬಿಟ್ಟರೆ ಇನ್ಯಾರಿಗೂ ಬರುವುದಿಲ್ಲ.

ಮಠದ ಕಟ್ಟಳೆ ಒಂದೇ. ಹೊಳೆಯಿಂದ ಮಠದ ಬಾಗಿಲವರೆಗೆ ಅಯ್ಯನವರನ್ನು ಎಬ್ಬಿಸದೆ ಕರೆತಂದವನಿಗೆ ಕೀಲಿ. ಅವನೇ ಸಾರಥಿ. ಹಿಂದಿನ ಸಾರಥಿ ಕಣ್ಣಿಗೆ ಪೊರೆ ಬಂದು ಊರಿಗೆ ಹೋದಮೇಲೆ ಕೀಲಿ ಗೂಟದಲ್ಲಿ ನೇತಾಡುತ್ತಿತ್ತು.

ಆ ಗೂಟದ ಮೇಲೆ ಕಣ್ಣಿಟ್ಟವನು ಬೋರಲಿಂಗ.

ಶಿರಾ ಸೀಮೆಯ ಹುಡುಗ. ಮೀಸೆ ಮೂಡುವ ಮೊದಲೇ ಟ್ರ್ಯಾಕ್ಟರ್ ಹತ್ತಿದವನು. ಉಳುಮೆ ಪಂದ್ಯದಲ್ಲಿ ಮೂರು ಸಲ ಗೆದ್ದವನು. ಕೇಳಿದವರಿಗೆ ಐದು ಸಲ ಅನ್ನುತ್ತಿದ್ದ. ಟ್ರ್ಯಾಕ್ಟರ್ ಪಳಗಿಸಿದವನಿಗೆ ವಿಮಾನವೂ ಒಂದು ಲೆಕ್ಕವಲ್ಲ, ಆಕಾಶದಲ್ಲಿ ಬದುಗಳಿಲ್ಲದ್ದರಿಂದ ಇನ್ನೂ ಸಲೀಸು ಎನ್ನುವುದು ಅವನ ವಾದ.

ಮಠಕ್ಕೆ ಬಂದದ್ದು ಧ್ಯಾನ ಕಲಿಯಲು. ಕಾರು ಕಂಡ ದಿನವೇ ಧ್ಯಾನ ಆ ಕಡೆ ತಿರುಗಿತು.

ಕಾರು ಎರಡಿದ್ದವು. ಬೇರೆ ಮಠಗಳಿಗೆ ಭಕ್ತರು ಹಸು ಕೊಡುವಂತೆ ಇಲ್ಲಿಗೆ ಯಾರೋ ಇಬ್ಬರು ಕಾರು ಕೊಟ್ಟಿದ್ದರು.

ಒಂದು ಕೆಂಪು. ಅಮೆರಿಕದ್ದು. ಉದ್ದ ಮೂತಿ, ಅದರೊಳಗೆ ಎಂಟು ಸಿಲಿಂಡರಿನ ಎಂಜಿನ್ನು. ಚಾಲೂ ಮಾಡಿದರೆ ಕೊಟ್ಟಿಗೆಯ ಹಸುಗಳು ಹಗ್ಗ ಜಗ್ಗುತ್ತಿದ್ದವು.

ಇನ್ನೊಂದು ಬೂದು. ಜರ್ಮನಿಯದು. ನಾಲ್ಕು ಬಾಗಿಲು. ನೋಡಲು ತಾಲೂಕು ಕಚೇರಿಯ ಗುಮಾಸ್ತನ ಹಾಗೆ. ಯಾವುದರಲ್ಲೂ ಹೆಚ್ಚಿಲ್ಲ, ಯಾವುದರಲ್ಲೂ ಕಡಿಮೆಯಿಲ್ಲ.

ಬೋರಲಿಂಗ ಒಂದೇ ನೋಟಕ್ಕೆ ಕೆಂಪದನ್ನು ಆರಿಸಿದ. ಮೊದಲ ದಿನ ಬಲಗಡೆ ಹತ್ತಿ ಕೂತು, ಸ್ಟೇರಿಂಗ್ ಯಾರೋ ಕದ್ದಿದ್ದಾರೆ ಎಂದು ಮಠದವರನ್ನೆಲ್ಲ ಸೇರಿಸಿದ. ಅಮೆರಿಕದವರು ಅದನ್ನು ಎಡಗಡೆ ಇಡುತ್ತಾರೆ ಎಂದು ತಿಳಿದ ಮೇಲೆ, ತನಗೆ ಗೊತ್ತಿತ್ತು, ನಿಮಗೆ ಗೊತ್ತಿದೆಯೋ ಇಲ್ಲವೋ ನೋಡಿದೆ ಅಂದ.

ಅವನ ಆತುರಕ್ಕೆ ಕಾರಣವಿತ್ತು. ಸೋದರಮಾವ ಕರಿಯಣ್ಣನಿಗೆ ಫೋನು ಮಾಡಿ, ತಾನು ಆಗಲೇ ಅಯ್ಯನವರ ಸಾರಥಿ ಆಗಿದ್ದೇನೆ ಎಂದು ಹೇಳಿಬಿಟ್ಟಿದ್ದ. ಕರಿಯಣ್ಣನ ಮಗಳು ಶಿವಗಂಗೆಯ ಮೇಲೆ ಅವನಿಗೆ ಚಿಕ್ಕಂದಿನಿಂದ ಮನಸ್ಸು. ಅವಳಿಗೂ ಇತ್ತು. ಇಲ್ಲದಿದ್ದದ್ದು ಕರಿಯಣ್ಣನಿಗೆ.

ಬರುವ ಮೂರನೇ ಸೋಮವಾರ ಬಂದು ಕಣ್ಣಾರೆ ನೋಡುತ್ತೇನೆ, ಸಾರಥಿಯಾಗಿದ್ದರೆ ಅಲ್ಲೇ ವೀಳ್ಯ ಎಂದಿದ್ದ ಕರಿಯಣ್ಣ. ಫೋನು ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದ್ದ.

“ಬರೀ ಮಾತಾದ್ರೆ ನೀನು ಬೇಡ ಕಣೋ. ಬರೀ ಮಾತಿನ ಗಂಡಸು ನಮ್ಮನೇಲಿ ನಾನೊಬ್ಬ ಸಾಕು.”

ಮೊದಲ ಸೋಮವಾರ ಬಂತು.

ಅಯ್ಯನವರು ಮಿಂದು ಬಂದು ಕೆಂಪು ಕಾರಿನ ಹಿಂದೆ ಕೂತರು. ಬೋರಲಿಂಗ ಎಂಟು ಸಿಲಿಂಡರ್ ಅಂದರೆ ಏನು, ಅದನ್ನು ಹಿಡಿಯುವ ಕೈ ಎಂಥದ್ದಿರಬೇಕು ಎಂದು ವಿವರಿಸತೊಡಗಿದ. ವಿವರಣೆ ಎರಡನೇ ಸಿಲಿಂಡರಿಗೆ ಬರುವಷ್ಟರಲ್ಲಿ ಗೊರಕೆ ಕೇಳಿಸಿತು.

ಹೊಳೆಯಿಂದ ಮೊದಲ ತಿರುವಿಗೆ ಅರ್ಧ ಮೈಲಿ ನೇರ ದಾರಿ. ಕಾಲು ಒತ್ತಿದ್ದೇ ತಡ, ಕಾರು ಹಗ್ಗ ಬಿಚ್ಚಿದ ಹೋರಿಯಂತೆ ಎದ್ದಿತು. ಮರಗಳು ಹಿಂದಕ್ಕೆ ಬಿದ್ದವು. ಶಿವಗಂಗೆ ನೋಡಬೇಕಿತ್ತು ಅಂದುಕೊಂಡ.

ತಿರುವು ಬಂತು.

ಹೊಲದ ಅಂಚಿನಲ್ಲಿ ಟ್ರ್ಯಾಕ್ಟರ್ ತಿರುಗಿಸುವವರಿಗೆ ಒಂದು ರೂಢಿ ಇದೆ. ಟ್ರ್ಯಾಕ್ಟರಿಗೆ ಬ್ರೇಕು ಎರಡು, ಹಿಂದಿನ ಎಡ ಚಕ್ರಕ್ಕೊಂದು, ಬಲ ಚಕ್ರಕ್ಕೊಂದು. ಯಾವ ಕಡೆ ತಿರುಗಬೇಕೋ ಆ ಕಡೆಯದನ್ನು ತಿರುವಿನ ನಡುವೆಯೇ ತುಳಿದರೆ ಗಾಡಿ ನಿಂತ ಜಾಗದಲ್ಲೇ ಬುಗುರಿಯಂತೆ ಸುತ್ತುತ್ತದೆ. ಬೋರಲಿಂಗನ ಕಾಲಿಗೆ ತಿರುವು ಅಂದರೆ ತುಳಿತ.

ತಿರುವಿನ ನಡುವೆ ತುಳಿದ.

ಕೆಂಪು ಕಾರು ಮೂತಿ ನೆಲಕ್ಕೆ ಊರಿತು. ಸ್ಟೇರಿಂಗ್ ಬಲಕ್ಕೆ ತಿರುಗಿತ್ತು, ಮುಂದಿನ ಚಕ್ರಗಳೂ ಬಲಕ್ಕೆ ತಿರುಗಿದ್ದವು. ಕಾರು ಮಾತ್ರ ನೆಟ್ಟಗೆ ಲಂಟಾನ ಪೊದೆಯ ಕಡೆ ಹೊರಟಿತು. ಗಾಬರಿಯಲ್ಲಿ ಬ್ರೇಕು ಬಿಟ್ಟು ಆಕ್ಸಿಲೇಟರ್ ತುಳಿದ. ಈಗ ಹಿಂಭಾಗಕ್ಕೆ ರೋಷ ಬಂತು. ಅದು ಮುಂಭಾಗವನ್ನು ಹಿಂದೆ ಹಾಕಲು ಹೋಯಿತು.

ಧೂಳು ಅಡಗಿದಾಗ ಕಾರಿನ ಮುಖ ಇಳಿಜಾರಿಗಿತ್ತು.

ಸೀಟಿನ ಬಲ ತುದಿಯಲ್ಲಿ ಮಲಗಿದ್ದ ಅಯ್ಯನವರು ಎಡ ತುದಿಯಲ್ಲಿ ಎದ್ದರು. ಕಣ್ಣುಜ್ಜಿ ಗಾಜಿನಾಚೆ ನೋಡಿದರು. ಎದುರಿಗೆ ಹೊಳೆ ಕಾಣುತ್ತಿತ್ತು.

“ಸ್ನಾನ ಆಗ್ಲೇ ಆಯ್ತಲ್ಲೋ” ಅಂದರು. “ಮತ್ತೆ ಯಾಕೆ ಕರ್ಕೊಂಡ್ ಬಂದೆ?”

ಬೋರಲಿಂಗ ತಪ್ಪೆಲ್ಲ ಕಾರಿನದು ಅಂದ. ಅಮೆರಿಕದಲ್ಲಿ ದಾರಿಗಳೆಲ್ಲ ನೆಟ್ಟಗಿರುತ್ತವಂತೆ, ತಿರುಗುವ ವಿದ್ಯೆ ಇದಕ್ಕೆ ಹೇಳಿಕೊಟ್ಟೇ ಇಲ್ಲ. ಹಿಂದಿನ ಎರಡು ಚಕ್ರಕ್ಕೂ ಲಾರಿಯ ಹಾಗೆ ಒಂದೇ ಅಚ್ಚು, ಒಂದು ಕುಂಟಿದರೆ ಇನ್ನೊಂದೂ ಕುಂಟುತ್ತದೆ. ಭಾರವೆಲ್ಲ ಮೂತಿಯಲ್ಲಿ.

“ಇದು ಹೋರಿ ಬುದ್ಧಿ. ಓಡು ಅಂದ್ರೆ ಓಡುತ್ತೆ. ತಿರುಗು ಅಂದ್ರೆ ಕಿವೀನೇ ಕೇಳಲ್ಲ.”

“ಯಾರ ಕಿವಿ?” ಅಂದರು ಅಯ್ಯನವರು.

ಕೀಲಿ ಗೂಟಕ್ಕೆ ಹೋಯಿತು.

ಎರಡನೇ ಸೋಮವಾರ ಬೋರಲಿಂಗ ಬೂದು ಕಾರು ತಂದ. ಕೆಂಪದನ್ನು ಯಾಕೆ ಬಿಟ್ಟೆ ಎಂದು ಅಯ್ಯನವರು ಕೇಳಲಿಲ್ಲ. ಕೂತರು, ಮಲಗಿದರು.

ಅದೇ ಬೋರಲಿಂಗ, ಅದೇ ಕಾಲು. ಮೊದಲ ತಿರುವಿಗೆ ಅದೇ ಜೋರಿನಲ್ಲಿ ನುಗ್ಗಿ, ನಡುವೆ ಅದೇ ಬ್ರೇಕು ತುಳಿದ.

ಬೂದು ಕಾರು ಒಂದಿಷ್ಟು ತಲೆ ತಗ್ಗಿಸಿತು. ಹಿರಿಯರು ಮಕ್ಕಳ ಮಾತಿಗೆ ಹ್ಞೂಂ ಅನ್ನುವ ಹಾಗೆ. ಆಮೇಲೆ ತಿರುಗಿತು.

ಎರಡನೇ ತಿರುವಿನಲ್ಲೂ ತಿರುಗಿತು. ಒಂದೊಂದು ಚಕ್ರವೂ ತನ್ನ ಪಾಲಿನ ಗುಂಡಿಯನ್ನು ತಾನೇ ನುಂಗಿಕೊಂಡಿತು, ಪಕ್ಕದ ಚಕ್ರಕ್ಕೆ ಸುದ್ದಿ ಹೋಗಲಿಲ್ಲ. ಜಲ್ಲಿ ಎಲ್ಲಿದೆ, ಮಣ್ಣು ಎಲ್ಲಿದೆ ಎಂದು ಸ್ಟೇರಿಂಗ್ ಅಂಗೈಗೆ ಪಿಸುಗುಟ್ಟುತ್ತಿತ್ತು. ಬೋರಲಿಂಗನಿಗೆ ತನ್ನ ಅಂಗೈಯ ಮೇಲೆ ಗೌರವ ಹೆಚ್ಚಿತು.

ಮಠದ ಬಾಗಿಲಲ್ಲಿ ನಿಂತಾಗ ಹಿಂದೆ ಗೊರಕೆ ಇನ್ನೂ ನಡೆದಿತ್ತು.

ಇಳಿದು, ಹಿಂದಿನ ಬಾಗಿಲು ತೆಗೆದು, ಮೆಲ್ಲಗೆ ಕೆಮ್ಮಿದ. ಅಯ್ಯನವರು ಎದ್ದರು. ಒಂದು ಹೂವಿನ ಹಾರ ತರಿಸಿದರು. ಬೋರಲಿಂಗ ಕತ್ತು ಬಗ್ಗಿಸಿ ನಿಂತ.

ಅಯ್ಯನವರು ಅವನನ್ನು ದಾಟಿಕೊಂಡು ಹೋಗಿ ಹಾರವನ್ನು ಕಾರಿನ ಬಾನೆಟ್ಟಿನ ಮೇಲೆ ಹಾಕಿದರು.

“ಎಂಟು ತಿರುವಲ್ಲಿ ಎಂಟು ತಪ್ಪು ಮಾಡ್ದೆ. ಎಂಟನ್ನೂ ಇದು ಮುಚ್ಕೊಂಡು ಬಂತು.”

“ನೀವು ನಿದ್ದೇಲಿದ್ರಲ್ಲ ಬುದ್ಧಿ?”

“ನಾನು ನಿದ್ದೇಲಿದ್ದೆ. ನನ್ನ ಹೊಟ್ಟೆ ಎದ್ದಿತ್ತು.”

ಬೋರಲಿಂಗ ಬಗ್ಗಿಸಿದ್ದ ಕತ್ತನ್ನು ಎತ್ತಿದ. ತಿರುವು ಒಂಬತ್ತು, ತಪ್ಪು ಎಂಟು. ಒಂದಾದರೂ ಸಿಕ್ಕಿತಲ್ಲ ಎಂದು ಮುಖ ಅರಳಿತು.

“ಹಂಗಾದ್ರೆ ಒಂಬತ್ತನೇದು ಸರಿಯಾಗಿ ಓಡಿಸ್ದೆ ಅನ್ನಿ.”

“ಒಂಬತ್ತನೇದಕ್ಕೆ ಮುಂಚೆ ದಾರಿಗೆ ಹಸು ಅಡ್ಡ ನಿಂತಿತ್ತು. ನಿಧಾನ ಮಾಡ್ದೆ. ಅದನ್ನ ಓಡಿಸಿದ್ದು ಹಸು.”

ಅಯ್ಯನವರು ಕೀಲಿಯನ್ನು ಗೂಟಕ್ಕೆ ಹಾಕಿದರು. ಸಾರಥಿ ಆಗಬೇಕಾದರೆ ಕೆಂಪದರಲ್ಲೇ ಕರೆತರಬೇಕು ಅಂದರು. ಅಲ್ಲಿಯವರೆಗೆ ಅಡುಗೆಮನೆಗೆ ಹೋಗಿ, ಅಡುಗೆಯ ಹೊನ್ನಮ್ಮನ ಕೈಕೆಳಗೆ ಸಾರು ಬಡಿಸಬೇಕು.

ಬೋರಲಿಂಗನಿಗೆ ಉರಿದುಹೋಯಿತು. ಐದು ಸಲ ಪಂದ್ಯ ಗೆದ್ದವನು ಸಾರಿನ ಬಕೆಟ್ಟು ಹಿಡಿಯುವುದೆ? ಆದರೆ ಕರಿಯಣ್ಣ ಬರಲು ಏಳೇ ದಿನ. ಹೋಗಿ ಹಿಡಿದ.

ದಾಸೋಹದ ಹಜಾರ ಉದ್ದವಾಗಿತ್ತು. ಅಡುಗೆಮನೆಯಿಂದ ನೆಟ್ಟಗೆ ಬಂದು, ಒಂದು ಕಲ್ಲುಕಂಬವನ್ನು ಸುತ್ತಿ, ಬಲಕ್ಕೆ ಪಂಕ್ತಿಗೆ ಹೋಗಬೇಕು. ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿದು ಬೋರಲಿಂಗ ದಾಪುಗಾಲು ಹಾಕಿದ. ಕಂಬದ ಹತ್ತಿರ ಗಕ್ಕನೆ ತಡೆದು ತಿರುಗಿದ. ಅವನು ತಿರುಗಿದ, ಸಾರು ನೆಟ್ಟಗೆ ಹೋಯಿತು. ಎದುರಿಗೆ ಕೂತಿದ್ದ ನಿವೃತ್ತ ಮೇಷ್ಟರೊಬ್ಬರು ಅನ್ನ ಬಡಿಸುವ ಮೊದಲೇ ಸಾರು ಪಡೆದರು, ತೊಡೆಯ ಮೇಲೆ.

ಮಾರನೆಯ ದಿನ ಸಾರು ಅವನ ಪಾದಕ್ಕೇ ಬಿತ್ತು. ಮೂರನೆಯ ದಿನ ಮೇಷ್ಟರು ಜಾಗ ಬದಲಿಸಿದರು.

ಹೊನ್ನಮ್ಮನಿಗೆ ಅರವತ್ತು ದಾಟಿತ್ತು. ಒಣಗಿದ ಹುಣಸೆ ಬರಲಿನಂತಿದ್ದಳು. ಅದೇ ಬಕೆಟ್ಟು ಹಿಡಿದು, ಬೋರಲಿಂಗನಿಗಿಂತ ಬೇಗ ಹಜಾರ ಸುತ್ತಿ ಬರುತ್ತಿದ್ದಳು. ಒಂದು ಹನಿ ಚೆಲ್ಲುತ್ತಿರಲಿಲ್ಲ.

ನಾಲ್ಕನೆಯ ದಿನ ಅವನು ಬಾಯಿ ಮುಚ್ಚಿಕೊಂಡು ಅವಳ ಕಾಲು ನೋಡಿದ. ಕಂಬಕ್ಕೆ ಮೂರು ಹೆಜ್ಜೆ ಇರುವಾಗಲೇ ನಡಿಗೆ ಕುಗ್ಗುತ್ತಿತ್ತು. ಬಕೆಟ್ಟಿನ ಸಾರು ಒಮ್ಮೆ ಮುಂದಕ್ಕೆ ವಾಲಿ, ಸಮನಾಗುತ್ತಿತ್ತು. ಆಮೇಲೆ ತಿರುಗುತ್ತಿದ್ದಳು. ಕಣ್ಣು ಬಕೆಟ್ಟಿನ ಮೇಲಲ್ಲ, ಕಂಬದ ಮೇಲೂ ಅಲ್ಲ, ಪಂಕ್ತಿಯ ಆ ತುದಿಯ ಮೇಲೆ. ಕಂಬ ದಾಟಿದ ಮೇಲೆ ಸರಸರ.

ಇದ್ಯಾಕೆ ಮೂರು ಹೆಜ್ಜೆ ಮುಂಚೆ ಎಂದು ಕೇಳಿದ.

“ಸಾರು ಮುಂದಕ್ಕೆ ಹೋಗ್ತಾ ಇರುತ್ತಲ್ಲಪ್ಪ” ಅಂದಳು ಹೊನ್ನಮ್ಮ. “ತಿರುಗ್ತೀನಿ ಅಂತ ಅದಕ್ಕೆ ಮೊದ್ಲೇ ಹೇಳ್ಬೇಕು. ನೀನು ತಿರುಗಿದ್ಮೇಲೆ ಹೇಳ್ತೀಯ.”

ಬೋರಲಿಂಗ ಬಕೆಟ್ಟು ಕೆಳಗಿಟ್ಟ. ಅಡುಗೆಮನೆಯ ಗೋಡೆಗೆ ಹೊಳೆಯಿಂದ ನೀರು ಹೊರುವ ಅಡ್ಡೆ ಒರಗಿತ್ತು. ಹೆಗಲ ಮೇಲೆ ಕೋಲು, ಮುಂದೊಂದು ಕೊಡ, ಹಿಂದೊಂದು ಕೊಡ, ಭಾರ ಎರಡೂ ಕಡೆ ಸಮ. ಅದನ್ನು ಹೊತ್ತವನು ಕಣ್ಣುಮುಚ್ಚಿ ತಿರುಗಿದರೂ ನಡೆದೀತು. ಅಡ್ಡೆಯನ್ನು ನೋಡಿದ. ಬೂದು ಕಾರು ಕಂಡಿತು. ಬಕೆಟ್ಟನ್ನು ನೋಡಿದ. ಕೆಂಪು ಕಾರು ಕಂಡಿತು.

ಉಳಿದ ಮೂರು ದಿನ ಮೇಷ್ಟರು ನೆಮ್ಮದಿಯಾಗಿ ಉಂಡರು.

ಮೂರನೇ ಸೋಮವಾರ ಅಯ್ಯನವರು ಮಿಂದು ಬಂದಾಗ ಬೋರಲಿಂಗ ಕೆಂಪು ಕಾರಿನ ಬಾಗಿಲು ಹಿಡಿದು ನಿಂತಿದ್ದ. ಅವತ್ತು ಯಾವ ಸಿಲಿಂಡರಿನ ವಿವರಣೆಯೂ ಇರಲಿಲ್ಲ. ನಿದ್ದೆ ಬರಿಸುವ ಆ ವಿವರಣೆಯಿಲ್ಲದೆ ಅಯ್ಯನವರಿಗೆ ಕಣ್ಣು ಹತ್ತುವುದು ಕೊಂಚ ತಡವಾಯಿತು.

ನೇರ ದಾರಿಯಲ್ಲಿ ಕಾರನ್ನು ಅದರ ಪಾಡಿಗೆ ಓಡಲು ಬಿಟ್ಟ. ಅದು ಹುಟ್ಟಿದ್ದೇ ಅದಕ್ಕೆ, ಬೇಡ ಅನ್ನಲು ಇವನು ಯಾರು?

ತಿರುವು ಇನ್ನೂ ದೂರವಿತ್ತು. ಕಾಲು ತಿರುವಿನ ನಡುವಿಗೆಂದು ಕಾಯಲಿಲ್ಲ, ಆಗಲೇ ಬ್ರೇಕು ತುಳಿದಾಗಿತ್ತು. ಮೆಲ್ಲಗೆ, ಬೇಗನೆ. ಕಾರು ಮೂತಿ ತಗ್ಗಿಸಿತು. ಎರಡನೇ ಗೇರು. ಬ್ರೇಕು ಬಿಟ್ಟ, ಮೂತಿ ಎದ್ದು ಸಮನಾಯಿತು. ಆಗ ತಿರುಗಿಸಿದ. ತಿರುವಿನ ಆ ತುದಿ ನೋಡುತ್ತ, ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಆಕ್ಸಿಲೇಟರ್ ಒತ್ತಿದ.

ಹೋರಿಗೆ ಕಿವಿ ಕೇಳಿಸಿತು.

ಎರಡು. ಮೂರು. ನಾಲ್ಕನೆಯದರಲ್ಲಿ ಜಲ್ಲಿ ಹರಡಿತ್ತು, ಬಾಲ ಒಂದಿಷ್ಟು ಜಾರಿತು. ಬೋರಲಿಂಗ ಏನೂ ತುಳಿಯಲಿಲ್ಲ. ಬಾಲ ತಾನಾಗಿ ದಾರಿಗೆ ಬಂತು. ಬೆನ್ನ ಹಿಂದೆ ಗೊರಕೆ ಒಂದು ಗಳಿಗೆ ನಿಂತು, ಮಗ್ಗುಲು ಬದಲಿಸಿ, ಮುಂದುವರಿಯಿತು. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

ಒಂಬತ್ತನೇ ತಿರುವಿನಲ್ಲಿ ಹಸು ಇರಲಿಲ್ಲ. ಇಲ್ಲದ ಹಸುವಿಗೆ ನಿಧಾನ ಮಾಡಿ ದಾರಿ ಬಿಟ್ಟ.

ಮಠದ ಬಾಗಿಲಲ್ಲಿ ಕರಿಯಣ್ಣ ನಿಂತಿದ್ದ. ಮಡಿ ಪಂಚೆ, ಹೆಗಲ ಮೇಲೆ ಹೊಸ ಟವೆಲು, ಸೊಂಟದಲ್ಲಿ ಎಲೆ ಅಡಿಕೆಯ ಚೀಲ. ಅಬ್ಬರವಿಲ್ಲದೆ ಕಾರು ಬಂದು ಮುಂದೆ ನಿಂತದ್ದು ಅವನ ಗಮನಕ್ಕೆ ಬರಲಿಲ್ಲ. ಇನ್ನೂ ದಾರಿ ನೋಡುತ್ತಿದ್ದ. ಆಮೇಲೆ ಕಿಟಕಿಗೆ ಬಗ್ಗಿದ.

“ಇದೇನೋ ಇದು, ಬಸುರಿ ಹೆಂಗಸನ್ನ ಆಸ್ಪತ್ರೆಗೆ ಕರ್ಕೊಂಡ್ ಹೋದಂಗೆ ಬರ್ತೀಯ? ಎಂಟು ಸಿಲಿಂಡರ್ ಅಂದಿದ್ದೆ. ಎಲ್ಲಿ, ಒಂದಾದ್ರೂ ಕೂಗ್ಸು. ಕೇಳಿ ಊರಲ್ಲಿ ಹೇಳ್ಬೇಕು ನಾನು.”

ಎಂಜಿನ್ನು ಗುಡುಗುಡು ಅನ್ನುತ್ತಿತ್ತು. ಬೋರಲಿಂಗನ ಬಲಗಾಲು ಆಕ್ಸಿಲೇಟರಿನ ಮೇಲಿತ್ತು. ಹುಟ್ಟಿದಾಗಿನಿಂದ ಆಡಿದ ಜಂಬವೆಲ್ಲ ಇಳಿದು ಬಂದು ಆ ಅಂಗಾಲಿನಲ್ಲಿ ಕೂತಿತ್ತು. ಒಂದು ಸಲ ಒತ್ತಿದರೆ ಸಾಕು. ಕೊಟ್ಟಿಗೆಯ ಹಸುಗಳು ಹಗ್ಗ ಕೀಳುತ್ತವೆ, ಮಾವ ಎರಡು ಹೆಜ್ಜೆ ಹಿಂದಕ್ಕೆ ಹಾರುತ್ತಾನೆ, ಊರೆಲ್ಲ ಮಾತಾಗುತ್ತದೆ.

ಹಿಂದಿನ ಸೀಟಿನಲ್ಲಿ ಗೊರಕೆ ಸಣ್ಣಗೆ ಏರಿ ಇಳಿಯುತ್ತಿತ್ತು.

ಕರಿಯಣ್ಣ ಇನ್ನೊಮ್ಮೆ ಅಂದ. “ಯಾಕೋ, ಕೂಗ್ಸೋಕೆ ಬರಲ್ವಾ?”

ಬೋರಲಿಂಗ ಕಾಲು ತೆಗೆದ. ಕೀಲಿ ತಿರುಗಿಸಿ ಎಂಜಿನ್ನು ನಿಲ್ಲಿಸಿದ. ಕೀಲಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತ.

ಅಳಿಯನ ಬಾಯಲ್ಲಿ ಮಾತಿಲ್ಲದ್ದನ್ನು ಕರಿಯಣ್ಣ ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ನೋಡಿದ. ಅವನನ್ನು ನೋಡಿದ, ಹಿಂದೆ ಮಲಗಿದ್ದವರನ್ನು ನೋಡಿದ, ಗುಡ್ಡದ ಕೆಳಗೆ ಸುತ್ತಿಕೊಂಡು ಬಿದ್ದಿದ್ದ ದಾರಿಯನ್ನು ನೋಡಿದ. ಸೊಂಟದ ಚೀಲಕ್ಕೆ ಕೈ ಹಾಕಿ ಎರಡು ವೀಳ್ಯದೆಲೆ ತೆಗೆದು, ಹೊಸ ಟವೆಲಿನಲ್ಲಿ ಒರೆಸತೊಡಗಿದ.

ಎಂಜಿನ್ನು ನಿಂತ ಮೌನಕ್ಕೆ ಅಯ್ಯನವರಿಗೆ ಎಚ್ಚರವಾಯಿತು. ಕಣ್ಣು ಅರ್ಧ ತೆರೆದರು. ಕಾರು ಕದಲುತ್ತಿರಲಿಲ್ಲ.

“ಯಾಕೋ ಬೋರಲಿಂಗ” ಅಂದರು, “ಇನ್ನೂ ಹೊರಟೇ ಇಲ್ವಾ?”