ಕಂಡವನ ಗುಡ್ಡ

೧೯೬೧ರ ಆಗಸ್ಟ್ ೧೭ರಂದು ನನ್ನ ದಿನಚರಿಯಲ್ಲಿ ಬರೆದುಕೊಂಡಿರುವಂತೆ, ಹೊಳಲಘಟ್ಟದ ವಿಶ್ವವಿದ್ಯಾಲಯದ ಹಿಂದಿನ ಗುಡ್ಡಕ್ಕೆ ಅಲ್ಲಿನ ಅಧ್ಯಾಪಕರು ವಿದ್ಯಾಗಿರಿ ಎನ್ನುತ್ತಾರೆ. ದನ ಮೇಯಿಸುವವರು ಮಾತ್ರ ಕಂಡವನ ಗುಡ್ಡ ಎಂದೇ ಕರೆಯುತ್ತಾರೆ. ವಿಶ್ವವಿದ್ಯಾಲಯ ಇಂದಿಗೂ ಹೆಮ್ಮೆಯಿಂದ ಹೇಳಿಕೊಳ್ಳುವುದು ಅದೇ ಜಾಗದಲ್ಲಿದ್ದ ಹಳೆಯ ವಿದ್ಯಾಕೇಂದ್ರವಾದ ಘಟಿಕಾಸ್ಥಾನದ ಹೆಸರನ್ನು. ದನ ಮೇಯಿಸುವವರು ಹೇಳುವ ಗುಡ್ಡದ ಹೆಸರೂ ಆ ಕಾಲದ್ದೇ.

ಹಿಂದೆ ಒಮ್ಮೆ ಆ ಘಟಿಕಾಸ್ಥಾನದ ಮಾತೆಂದರೆ ಸುತ್ತಲಿನ ಏಳು ನಾಡಿಗೆ ಕಡೆಯ ಮಾತಾಗಿತ್ತಂತೆ. ಕಲ್ಲಿನಲ್ಲಿ ಕೊರೆದ ದಾನಶಾಸನಗಳನ್ನೆಲ್ಲ ತಾಳೆಯೋಲೆಗೆ ಇಳಿಸಿ ಅಲ್ಲಿ ಕಾಪಿಟ್ಟಿದ್ದರು. ವ್ಯಾಜ್ಯ ಬಂದರೆ ಓಲೆ ಬಿಚ್ಚಿ ಓದುವುದೇ ಪದ್ಧತಿ. ಕಲ್ಲಿನ ಬಳಿ ಹೋಗಿ ನೋಡುವುದು ಘಟಿಕೆಗೆ ಅವಮಾನವೆಂದು ಹಿರಿಯರು ಬಗೆದಿದ್ದರು. ಹೀಗಿರುವಾಗ ಗುಡ್ಡದಾಚೆಯ ಕೆರೆಯ ನೀರಿಗಾಗಿ ಹಾಲಗುಂದ, ಕಿರುಗೆರೆ ಎಂಬ ಎರಡು ಊರುಗಳಿಗೆ ಜಗಳ ಹತ್ತಿತು. ಓಲೆಯಲ್ಲಿ ಹಾಲಗುಂದದ ಹೆಸರಷ್ಟೇ ಇತ್ತು. ಗುಡ್ಡದ ಮೇಲಿನ ಕಲ್ಲಿನಲ್ಲಿ ತಮ್ಮ ಊರೂ ಇದೆಯೆಂದು ಕಿರುಗೆರೆಯ ಮಾಚವ್ವೆ ಎಂಬ ಮುದುಕಿ ಹಟ ಹಿಡಿದಳು. ಓಲೆ ಓದುವ ಕೇತಯ್ಯನಿಗೆ ಮನಸ್ಸು ತಡೆಯಲಿಲ್ಲ. ತೀರ್ಪಿನ ಹಿಂದಿನ ದಿನ ಯಾರಿಗೂ ಹೇಳದೆ ಅವಳೊಂದಿಗೆ ಗುಡ್ಡ ಹತ್ತಿ, ಕಲ್ಲಿನ ಪಾಚಿ ಕೆರೆದ. ಎಂಟನೆಯ ಸಾಲಿನಲ್ಲಿ, ಕೆಳಗಣ ತೂಬು ಕಿರುಗೆರೆಗೆ ಎಂದಿತ್ತು. ನಕಲು ಮಾಡಿದವನು ಒಂದು ಸಾಲು ಬಿಟ್ಟಿದ್ದ.

“ಇದೆಯೋ ಇಲ್ಲವೋ, ಅಯ್ಯಾ?” ಎಂದಳು ಮಾಚವ್ವೆ.

“ಇದೆ ಕಣವ್ವ.”

ಕೇತಯ್ಯ ಅದನ್ನು ಹಿರಿಯ ಆಚಾರ್ಯರಿಗೆ ತಿಳಿಸಿದ. ಅವರು ಸಿಟ್ಟಾಗಲಿಲ್ಲ. ಒಂದು ಓಲೆ ತಪ್ಪೆಂದು ಒಪ್ಪಿದರೆ ಈವರೆಗಿನ ತೀರ್ಪುಗಳನ್ನೆಲ್ಲ ಜನ ಮತ್ತೆ ಹೊತ್ತು ತರುತ್ತಾರೆ, ನೂರು ವರ್ಷದ ಹೆಸರು ಒಂದೇ ದಿನಕ್ಕೆ ಹೋಗುತ್ತದೆ ಎಂದಷ್ಟೇ ಹೇಳಿದರು. ಅಲ್ಲಿನ ಅನ್ನ ಉಂಡು ಓದಿ ದೊಡ್ಡವನಾದ ಕೇತಯ್ಯನ ಬಾಯಿ ಕಟ್ಟಿತು. ಮರುದಿನ ತುಂಬಿದ ಸಭೆಯಲ್ಲಿ, ಕಿರುಗೆರೆಯ ಹೆಸರುಂಟೇ ಎಂದು ಕೇಳಿದಾಗ, “ಓಲೆಯಲ್ಲಿ ಇಲ್ಲ” ಎಂದ. ಸುಳ್ಳೇನೂ ಅಲ್ಲ. ಈ ಅಜ್ಜಿ ಯಾವ ಮಠದಲ್ಲಿ ಕಲ್ಲು ಓದಲು ಕಲಿತಳೋ ಎಂದು ಹಾಲಗುಂದದವರು ನಕ್ಕರು. ಮಾಚವ್ವೆ ಅವರತ್ತ ತಿರುಗಲಿಲ್ಲ.

“ನೀನು ಕಂಡೆಯಲ್ಲಯ್ಯಾ” ಎಂದು ಕೇತಯ್ಯನಿಗೆ ಹೇಳಿ, ಎದ್ದು ಹೋದಳು.

ಘಟಿಕೆಯ ಹೆಸರು ಉಳಿಯಿತು. ಕೇತಯ್ಯ ಆಮೇಲೆ ಓಲೆ ಮುಟ್ಟಲಿಲ್ಲ, ಗುಡ್ಡದ ಮೇಲೆಯೇ ಇದ್ದು ಸತ್ತ ಎನ್ನುತ್ತಾರೆ. ಕಲ್ಲು ಈಗಲೂ ಅಲ್ಲಿದೆ. ತಾಳ್ಮೆಯಿದ್ದವರು ಎಂಟನೆಯ ಸಾಲನ್ನು ಓದಬಹುದು. ಅದರ ಪಕ್ಕ ನಿಂತು ಪಡುವಣಕ್ಕೆ ನೋಡಿದರೆ ಜಾಲಿಗಿಡಗಳ ನಡುವೆ ಕಿರುಗೆರೆಯ ಮನೆಗಳ ಬುನಾದಿ ಕಾಣುತ್ತದೆ. ತೀರ್ಪಿನಿಂದ ಕೆರೆಯ ನೀರು ಬರುವುದು ನಿಂತ ಮೂರನೆಯ ವರ್ಷಕ್ಕೆ ಊರು ಖಾಲಿಯಾಯಿತು. ನಲವತ್ತಮೂರು ಮನೆ. ಯಾರೂ ತಿರುಗಿ ಬರಲಿಲ್ಲ.