ಏಳಿ ಅನ್ನೋಕೆ ಬಾರದ ಮೆಮೊರಿ

ಒಂದು ಹಳೇ ಲಿನಕ್ಸ್ ಕಂಪ್ಯೂಟರಿನೊಳಗೆ ಮೆಮೊರಿ ಅಂತ ಒಬ್ಬಳಿದ್ಲು. ಬಂದೋರಿಗೆಲ್ಲ "ಬನ್ನಿ, ಕೂತ್ಕೊಳ್ಳಿ" ಅನ್ನೋದೊಂದೇ ಅವಳಿಗೆ ಗೊತ್ತು! ಅವತ್ತು ಆ ಕಂಪ್ಯೂಟರಿನ ಒಡತಿ ಶಕೀಲಕ್ಕ ಯಾರದೋ ಮದುವೆ ಪತ್ರಿಕೆ ಟೈಪ್ ಮಾಡ್ತಿದ್ರು, ಜೊತೆಗೆ ಹಾಡು, ಫೋಟೋ, ಬ್ರೌಸರ್ ಎಲ್ಲಾ ಒಳಗೆ ನುಗ್ಗಿದ್ವು. ಜಾಗ ಸಾಲದೆ ಮೆಮೊರಿ ಒಬ್ಬೊಬ್ಬರ ಗಂಟನ್ನೂ ಹಾರ್ಡ್ ಡಿಸ್ಕ್ ಅಜ್ಜನ ಕೈಗೆ ಕೊಡೋದು, ಮತ್ತೆ ಇಸ್ಕೊಳ್ಳೋದು! ಅಜ್ಜ ಗರಗರ ಸುತ್ತಿ ಸುಸ್ತಾದ, ಸ್ಕ್ರೀನು ಕಲ್ಲಾಯ್ತು. ಶಕೀಲಕ್ಕನ ಬೆರಳು ಪವರ್ ಬಟನ್ ಹತ್ರ ಬಂತು.

"ಅಯ್ಯೋ ಅಜ್ಜ! ಆಫಾದ್ರೆ ನಂಗೆ ಎಲ್ಲಾ ಮರ್ತೋಗತ್ತೆ! ಪತ್ರಿಕೆ ಇನ್ನೂ ಸೇವ್ ಆಗಿಲ್ಲ!"

"ನಮ್ಮ ಕಾಲದಲ್ಲಿ ಒಂದು ಪಂಕ್ತಿ ಎದ್ದ ಮೇಲೇ ಇನ್ನೊಂದು ಪಂಕ್ತಿ ಕೂರ್ತಿತ್ತು ಕಣವ್ವ," ಅಂದ ಅಜ್ಜ. "ಯಾರನ್ನಾದ್ರೂ ಎಬ್ಬಿಸು."

ಮೆಮೊರಿ ಬ್ರೌಸರಿಗೆ ಕೈ ಮುಗಿದ್ಲು. "ದಯವಿಟ್ಟು ಏಳಿ."

"ನಾನಾ? ನನ್ನ ಜೊತೆ ಇಷ್ಟೊಂದು ಟ್ಯಾಬ್ ಬಂದಿದಾವೆ, ಎಲ್ಲಾ ನಮ್ಮೋರೇ!"

"ಅದಕ್ಕೇ ಸ್ವಾಮಿ, ನೀವೇ ಏಳಿ!"

ಬ್ರೌಸರ್ ಗೊಣಗ್ತಾ ಎದ್ದು ಹೋಯ್ತು. ಪರದೆ ಮೇಲಿನ ಬಾಣ ಅಲ್ಲಾಡ್ತು, ಶಕೀಲಕ್ಕ ತಟಕ್ಕನೆ ಸೇವ್ ಒತ್ತಿದ್ರು, ಪತ್ರಿಕೆ ಅಜ್ಜನ ಕೈ ಸೇರ್ತು. ಆಮೇಲೆ ಬರೀ ಕೀಬೋರ್ಡಿನ ಟಕಟಕ.

"ಆಗೆಲ್ಲ ಹೀಗೇ ಇತ್ತು," ಅಂದ ಅಜ್ಜ.

"ನಾಳೆ ಮತ್ತೆ ಹೇಳು ಅಜ್ಜ," ಅಂದ್ಲು ಮೆಮೊರಿ. "ನಾನು ಮೊದ್ಲನೇ ಸಲ ಕೇಳೋ ಹಾಗೇ ಕೇಳ್ತೀನಿ."