ಚಿಪ್ ನಿಂತ ಕ್ಷಣ

ಶಿಷ್ಯ ಮಹಾಂತ ಕೇಳಿದ: "ಗುರುಗಳೇ, ನಿಮ್ಮ ಪ್ರವಚನವನ್ನು ಹೊರನಾಡಿನಿಂದ ಬಂದವರಿಗೆ ಅವರ ಭಾಷೆಯಲ್ಲಿ ಹೇಳುವವನು ನಾನು. ಒಂದು ಮಾತಿಗೆ ತಡವರಿಸಿದರೂ ಸಭೆಯೆಲ್ಲ ನನ್ನ ಮುಖ ನೋಡುತ್ತದೆ. ಎಲ್ಲಿಯೂ ನಿಲ್ಲದೆ ಹೇಳಿಕೊಂಡು ಹೋಗುವುದು ಹೇಗೆ?"

ಮಠಕ್ಕೆ ಬರುವ ಮುಂಚೆ ಗುರುಗಳು ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಅವರು ಈ ಕತೆ ಹೇಳಿದರು.

ಒಬ್ಬ ಯಜಮಾನ ಹೊಸ ಬಗೆಯ ಮೈಕ್ರೊಪ್ರೊಸೆಸರ್ ಮಾಡಲು ಕಂಪನಿ ಕಟ್ಟಿದ. ಅವನ ಚಿಪ್ ಬಿಸಿಯಾಗುತ್ತಿರಲಿಲ್ಲ. ಸಣ್ಣ ಬ್ಯಾಟರಿಯಲ್ಲಿ ದಿನವಿಡೀ ಓಡುತ್ತಿತ್ತು. ಆದರೆ ಜನರ ಬಳಿ ಇದ್ದ ಪ್ರೋಗ್ರಾಮುಗಳೆಲ್ಲ ಹಳೆಯ ಚಿಪ್‌ನ ಆಜ್ಞೆಗಳಲ್ಲಿದ್ದವು. ಹೊಸ ಚಿಪ್‌ಗೆ ಅವು ತಿಳಿಯುತ್ತಿರಲಿಲ್ಲ. ಕೊಳ್ಳುವವರೇ ಇಲ್ಲದೆ ಕಂಪನಿ ಮುಚ್ಚುವ ಹಂತಕ್ಕೆ ಬಂತು.

ಅಲ್ಲಿದ್ದ ಒಬ್ಬ ಎಂಜಿನಿಯರ್ ದಾರಿ ಕಂಡುಕೊಂಡಳು. ಹಳೆಯ ಆಜ್ಞೆಗಳನ್ನು ಓದಿ, ಓಡುತ್ತಿರುವಾಗಲೇ ಹೊಸ ಚಿಪ್‌ನ ಆಜ್ಞೆಗಳಾಗಿ ಅನುವಾದಿಸುವ ತಂತ್ರಾಂಶವನ್ನು ಬರೆದಳು. ಒಮ್ಮೆ ಅನುವಾದಿಸಿದ್ದನ್ನು ಅದು ನೆನಪಿಟ್ಟುಕೊಳ್ಳುತ್ತಿತ್ತು. ವೇಗಕ್ಕಾಗಿ ಮುಂದೆ ಬರುವುದನ್ನು ಊಹಿಸುತ್ತಲೂ ಇತ್ತು. ಊಹೆ ತಪ್ಪಿದರೆ ನಿಲ್ಲುತ್ತಿತ್ತು. ತಪ್ಪಾಗಿ ಮಾಡಿದ್ದನ್ನು ಅಳಿಸಿ, ಸರಿಯಿದ್ದ ಜಾಗಕ್ಕೆ ಮರಳಿ, ಅಲ್ಲಿಂದ ಒಂದೊಂದೇ ಆಜ್ಞೆಯನ್ನು ಎಚ್ಚರದಿಂದ ಅನುವಾದಿಸುತ್ತಿತ್ತು.

ಯಜಮಾನ ಕುಣಿದಾಡಿದ. ಆದರೆ ಆ ನಿಲ್ಲುವಿಕೆ ಅವನಿಗೆ ಹಿಡಿಸಲಿಲ್ಲ.

"ಅದೊಂದನ್ನು ತೆಗೆದುಬಿಡಮ್ಮ. ನೋಡುವವರ ಮುಂದೆ ನಿಂತುಬಿಟ್ಟರೆ ನಮ್ಮ ಮಾನ ಹೋಗುತ್ತದೆ" ಎಂದ.

"ಅದನ್ನು ತೆಗೆದರೆ ಇದು ಸುಳ್ಳು ಹೇಳಲು ಕಲಿಯುತ್ತದೆ, ಸರ್" ಎಂದಳು.

ಯಜಮಾನ ಮುಖ ಗಂಟಿಕ್ಕಿದ. ಆದರೂ ಒತ್ತಾಯ ಮಾಡಲಿಲ್ಲ.

ಚಿಪ್ ಅನ್ನು ಜನರ ಮುಂದೆ ಓಡಿಸಿ ತೋರಿಸುವ ದಿನ ಬಂತು. ಗುಡ್ಡಗಾಡಿನ ಹಳ್ಳಿಗಳಲ್ಲಿ ತಿರುಗುವ ಒಬ್ಬ ವೈದ್ಯ ಹೃದಯದ ಬಡಿತ ಓದುವ ಹಳೆಯ ಪ್ರೋಗ್ರಾಮ್ ತಂದಿದ್ದ. ಅದನ್ನು ಬರೆದವರು ಬದುಕಿರಲಿಲ್ಲ; ಹೊಸದಾಗಿ ಬರೆಯಬಲ್ಲವರೂ ಇರಲಿಲ್ಲ. ಅದು ಓಡುತ್ತಿದ್ದ ಯಂತ್ರ ಭಾರವಾದದ್ದು, ಕರೆಂಟ್ ಇಲ್ಲದಿದ್ದರೆ ಕೆಲಸಕ್ಕೆ ಬಾರದು. ಈ ಚಿಪ್‌ನಲ್ಲಿ ಓಡಿದರೆ ಅದನ್ನು ಚೀಲದಲ್ಲಿ ಹಾಕಿಕೊಂಡು ಯಾವ ಹಟ್ಟಿಗಾದರೂ ಹೋಗಬಹುದಿತ್ತು. ವೈದ್ಯ ಅಂಗಿ ಬಿಚ್ಚಿ, ತಂತಿಗಳನ್ನು ತನ್ನ ಎದೆಗೇ ಅಂಟಿಸಿಕೊಂಡು ಮಲಗಿದ.

ಪರದೆಯ ಮೇಲೆ ಗೆರೆ ತೆವಳುತ್ತ ಹೊರಟಿತು. ಯಾರೋ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಅನುವಾದಗಳು ನೆನಪಿನಲ್ಲಿ ಕೂಡುತ್ತ ಬಂದವು. ಗೆರೆ ನಡೆಯಿತು, ಆಮೇಲೆ ಓಡಿತು. ಹಳೆಯ ಯಂತ್ರಕ್ಕಿಂತ ಜೋರಾಗಿ ಓಡಿತು! ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಯಜಮಾನನ ಕಣ್ಣಲ್ಲಿ ನೀರು ತುಂಬಿತು.

ಆಗ ಗೆರೆ ನಿಂತಿತು.

ಚಪ್ಪಾಳೆಯೂ ನಿಂತಿತು. ಯಜಮಾನ ಬೆವರುತ್ತ ಸ್ವಿಚ್ ಆರಿಸಲು ಕೈ ಚಾಚಿದ. ಎಂಜಿನಿಯರ್ ಅವನ ಮಣಿಕಟ್ಟು ಹಿಡಿದಳು. ಊಹೆ ತಪ್ಪಿದ್ದರಿಂದ ಚಿಪ್ ಹಿಂದಕ್ಕೆ ಹೋಗಿ, ಆಜ್ಞೆಗಳನ್ನು ಮತ್ತೆ ಓದಿ ಗೆರೆ ಎಳೆಯಿತು. ಈ ಸಲ ಅದರಲ್ಲಿ ಒಂದು ಬಡಿತ ಬೇರೆಯಾಗಿ ಕಂಡಿತು.

ಮಲಗಿದ್ದ ವೈದ್ಯ ತಲೆ ಎತ್ತಿ ಪರದೆ ನೋಡಿದ. ಅವನ ಮುಖ ಬಿಳಿಚಿತು. "ಇದು ಯಂತ್ರದ ತಪ್ಪಲ್ಲ, ನನ್ನ ಹೃದಯದ್ದು" ಎಂದ. ಅವನನ್ನು ಕೂಡಲೇ ಆಸ್ಪತ್ರೆಗೆ ಒಯ್ದರು.

ವೈದ್ಯ ಬದುಕಿದ. ಸುದ್ದಿ ಬಂದಾಗ ಯಜಮಾನ ಕಂಪನಿಯ ಕೋಣೆಕೋಣೆಗೂ ಓಡಿ, ಸಿಕ್ಕಸಿಕ್ಕವರನ್ನು ತಬ್ಬಿಕೊಂಡು ಕೂಗಿದ: "ನಿಂತಿತು ಕಣ್ರಯ್ಯಾ! ನಮ್ಮ ಚಿಪ್ ನಿಂತಿತು!"

ಕತೆ ಮುಗಿಯಿತು. "ಎಂಥ ಚಿಪ್, ಗುರುಗಳೇ!" ಎಂದು ಮಹಾಂತ ಉತ್ಸಾಹದಿಂದ ಎದ್ದುನಿಂತ. ಆಗ ಗುರುಗಳು ಕೇಳಿದರು:

"ನಿನ್ನೆ ನಿನಗೇ ಅರ್ಥವಾಗದಿದ್ದರೂ ನಿಲ್ಲದೆ ಹೇಳಿಬಿಟ್ಟೆಯಲ್ಲ, ಆ ಮಾತು ಯಾವುದಪ್ಪ?"